“ಇವತ್ತು ರಾತ್ರಿಯೇ ಕರ್ತನು ಬಂದರೆ?”: ಪ್ರತಿದಿನ ಸಿದ್ಧವಾಗಿ ಬದುಕುವ ಬಗ್ಗೆ

ಪ್ರಶ್ನೆ: ನಾನು ಚಿಕ್ಕಂದಿನಿಂದ ಸಭೆಗೆ ಹೋಗುವವಳು. ಕರ್ತನಾದ ಯೇಸು ಮತ್ತೆ ಬರುವುದರ ಬಗ್ಗೆ ಪ್ರಸಂಗ ಕೇಳಿದಾಗಲೆಲ್ಲ ಎದೆ ಝಲ್ ಎನ್ನುತ್ತದೆ. ಆಮೇಲೆ ಒಂದು ವಾರ ಬೆಳಗಿನ ಜಾವದ ಪ್ರಾರ್ಥನೆ, ವೇದ ಓದುವುದು ಎಲ್ಲ ಜೋರಾಗಿ ನಡೆಯುತ್ತದೆ. ಅಷ್ಟೇ. ಕೆಲಸ, ಮಕ್ಕಳು, ಸುಸ್ತು ಅಂತ ಮತ್ತೆ ಹಳೇ ದಾರಿ. ಎಷ್ಟೋ ರಾತ್ರಿ ಪ್ರಾರ್ಥನೆ ಮಾಡುತ್ತಲೇ ನಿದ್ದೆ ಹೋಗಿರುತ್ತೇನೆ. “ಈ ರಾತ್ರಿಯೇ ಆತನು ಬಂದರೆ ನನ್ನ ಗತಿ ಏನು?” ಅನ್ನಿಸುತ್ತದೆ. ಪ್ರತಿದಿನ ದೇವರಿಗಾಗಿ ಸಿದ್ಧವಾಗಿರುವುದು ನನ್ನಂಥ ಸಾಮಾನ್ಯರಿಗೆ ಸಾಧ್ಯವೇ? ಮಕ್ಕಳಿಗೆ ಇದನ್ನು ಹೇಗೆ ಹೇಳಿಕೊಡಲಿ? ಅವರೂ ನನ್ನ ಹಾಗೆ ಹೆದರುವುದು ನನಗೆ ಇಷ್ಟವಿಲ್ಲ.

ಉತ್ತರ: ಸಹೋದರಿ, ಮೊದಲು ನಿದ್ದೆಯ ವಿಷಯ ಮುಗಿಸಿಬಿಡೋಣ. ಅದೇ ನಿಮ್ಮನ್ನು ಜಾಸ್ತಿ ಕಾಡುತ್ತಿರುವ ಹಾಗೆ ಕಾಣುತ್ತದೆ.

ಮತ್ತಾಯ 25ನೇ ಅಧ್ಯಾಯದಲ್ಲಿ ಯೇಸು ಹೇಳಿದ ಹತ್ತು ಮಂದಿ ಕನ್ಯೆಯರ ಸಾಮ್ಯ (ದೃಷ್ಟಾಂತ ಕಥೆ) ನಿಮಗೆ ಗೊತ್ತೇ ಇದೆ. ಮದಲಿಂಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೊರಟವರಲ್ಲಿ ಐವರು ಬುದ್ಧಿವಂತೆಯರು ಬೇರೆ ಎಣ್ಣೆಯನ್ನೂ ತಂದಿದ್ದರು, ಬುದ್ಧಿಯಿಲ್ಲದ ಐವರು ತಂದಿರಲಿಲ್ಲ. ನಿಮ್ಮನ್ನು ಹೆದರಿಸಿದ ಪ್ರಸಂಗಗಳಲ್ಲಿ ಅರ್ಧ ಅದರ ಮೇಲೇ ಇದ್ದಿರಬೇಕು. ಈ ಸಲ ಐದನೇ ವಚನವನ್ನು ನಿಧಾನವಾಗಿ ಓದಿ. ಮದಲಿಂಗನು ಬರುವುದು ತಡವಾಯಿತು, ಎಲ್ಲರೂ ತೂಕಡಿಸಿ ಮಲಗಿದರು ಎಂದಿದೆ. ಎಲ್ಲರೂ ಅಂದರೆ ಹತ್ತೂ ಜನ. ಬುದ್ಧಿವಂತೆಯರು ಕೂಡ. ಮಧ್ಯರಾತ್ರಿ ಕೂಗು ಕೇಳಿದಾಗ ಅವರೂ ನಿದ್ದೆಯಿಂದಲೇ ಎದ್ದರು. ಎದ್ದು, ದೀಪ ಸರಿಮಾಡಿಕೊಂಡು, ಮದುವೆ ಮನೆಯೊಳಗೆ ಹೋದರು. “ನೀನು ಯಾಕೆ ನಿದ್ದೆ ಮಾಡಿದೆ?” ಎಂದು ಅವರನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಕಥೆಯ ಕೊನೆಯಲ್ಲಿ ಬರುವ “ಎಚ್ಚರವಾಗಿರಿ” ಎಂಬ ಮಾತು? ಅದು ಕಣ್ಣು ಬಿಟ್ಟುಕೊಂಡು ಕೂರುವ ವಿಷಯ ಅಲ್ಲ ಎಂದು ಕಥೆಯೇ ಹೇಳಿಬಿಟ್ಟಿದೆ, ಅಲ್ವಾ? ಕರ್ತನು ನಮ್ಮ ಮೈಯನ್ನು ಬಲ್ಲನು. ಗೆತ್ಸೇಮನೆ ತೋಟದಲ್ಲಿ ಶಿಷ್ಯರು ನಿದ್ದೆ ಹೋದಾಗ ಆತನಿಗೆ ನೋವಾಯಿತು, ನಿಜ. ಆದರೂ ಮನಸ್ಸು ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು ಎಂದು ಅವರ ಪರವಾಗಿ ಹೇಳಿದವನೂ ಆತನೇ. ದಿನವಿಡೀ ದುಡಿದ ತಾಯಿ ಪ್ರಾರ್ಥನೆಯ ನಡುವೆ ನಿದ್ದೆ ಹೋದರೆ ಅದು ಸೋಲಲ್ಲ. ದೇವರ ಸನ್ನಿಧಿಯಲ್ಲೇ ನಿದ್ದೆ ಹೋಗಿದ್ದೀರಿ ಎಂದುಕೊಳ್ಳಿ. ಪ್ರಾರ್ಥನೆಯನ್ನು ದಿನದ ಕೊನೆಯ ಅರೆಗಣ್ಣಿನ ಹೊತ್ತಿಗೆ ಇಟ್ಟುಕೊಳ್ಳಬೇಡಿ ಎಂಬುದು ಬೇರೆ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಿಜವಾದ ವಿಷಯ. ಆ ಐವರು ಬುದ್ಧಿಯಿಲ್ಲದವರು ಎಡವಿದ್ದು ಎಲ್ಲಿ? ಅವರ ಹತ್ತಿರವೂ ದೀಪ ಇತ್ತು. ಅದರಲ್ಲಿ ಎಣ್ಣೆಯೂ ಇತ್ತು, ಇಲ್ಲದಿದ್ದರೆ “ನಮ್ಮ ದೀಪಗಳು ಆರಿಹೋಗುತ್ತಿವೆ” ಎಂದು ಅವರು ಹೇಳುವುದಾದರೂ ಹೇಗೆ? ಮದಲಿಂಗನು ಬೇಗ ಬಂದಿದ್ದರೆ ಅವರೂ ಒಳಗೆ ಹೋಗುತ್ತಿದ್ದರು. ಬೇಗ ಬರುವವನಿಗೆ ಅವರು ಸಿದ್ಧರಿದ್ದರು. ತಡವಾಗಿ ಬರುವವನಿಗೆ ಸಿದ್ಧರಿರಲಿಲ್ಲ.

ಇದನ್ನು ಒಮ್ಮೆ ಗಮನಿಸಿದರೆ ಆ ಭಾಗದ ಮಿಕ್ಕ ಸಾಮ್ಯಗಳಲ್ಲೂ ಅದೇ ಕಾಣುತ್ತದೆ. 24ನೇ ಅಧ್ಯಾಯದ ಕೆಟ್ಟ ಆಳು ಹಾಳಾಗುವುದು “ನನ್ನ ಯಜಮಾನನು ತಡಮಾಡುತ್ತಾನೆ” ಎಂದು ಮನಸ್ಸಿನಲ್ಲಿ ಅಂದುಕೊಂಡ ಮೇಲೆ. ಯಜಮಾನನು ಆಳುಗಳ ಕೈಗೆ ತಲಾಂತುಗಳನ್ನು, ಅಂದರೆ ದೊಡ್ಡ ಮೊತ್ತದ ಹಣವನ್ನು, ಒಪ್ಪಿಸಿ ಹೋಗುವ ಸಾಮ್ಯದಲ್ಲಿ ಅವನು ಲೆಕ್ಕ ಕೇಳಲು ಬರುವುದು “ಬಹುಕಾಲವಾದ ಮೇಲೆ”. ಲೂಕ 12ರಲ್ಲಿ ಯಜಮಾನನು ಎರಡನೇ ಜಾವಕ್ಕೆ ಬರಬಹುದು, ಮೂರನೇ ಜಾವಕ್ಕೂ ಬರಬಹುದು. ಆತನು ಇದ್ದಕ್ಕಿದ್ದ ಹಾಗೆ ಬರುತ್ತಾನೆ ಎನ್ನುವುದು ಈ ಎಲ್ಲ ಕಥೆಗಳಲ್ಲೂ ಇದೆ. ಆದರೆ ಜನ ಬಿದ್ದುಹೋಗುವುದು ಅದಕ್ಕೂ ಮುಂಚಿನ ಉದ್ದನೆಯ ಕಾಯುವಿಕೆಯಲ್ಲಿ. ಸಿದ್ಧತೆ ಅಂದರೆ ಆ ಉದ್ದನೆಯ ಕಾಲವನ್ನು ನಂಬಿಗಸ್ತರಾಗಿ ಕಳೆಯುವುದು.

ನಿಮ್ಮ ವಾರದ ಉತ್ಸಾಹ ಯಾಕೆ ಉಳಿಯುವುದಿಲ್ಲ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಪ್ರಸಂಗ ಕೇಳಿದ ದಿನ ನೀವು “ನಾಳೆ ಬಂದುಬಿಟ್ಟರೆ” ಎಂಬ ಲೆಕ್ಕದಲ್ಲಿ ಸಿದ್ಧರಾಗುತ್ತೀರಿ. ಆ ಲೆಕ್ಕದಲ್ಲಿ ಯಾರು ಬೇಕಾದರೂ ಏಳೆಂಟು ದಿನ ಓಡಬಲ್ಲರು. ಮೂವತ್ತು ವರ್ಷ ಓಡುವುದು ಯಾರಿಂದಲೂ ಆಗುವುದಿಲ್ಲ.

ಹೆದರಿಕೆಯ ಬಗ್ಗೆಯೂ ಹೇಳಬೇಕು. ನಮ್ಮ ಸಭೆಗಳಲ್ಲಿ ಹೆದರಿಕೆಯೇ ಜನರನ್ನು ಸಿದ್ಧ ಮಾಡುತ್ತದೆ ಎಂಬ ನಂಬಿಕೆ ಇದೆ. ತಲಾಂತುಗಳ ಸಾಮ್ಯ ಇದನ್ನು ಒಪ್ಪುವುದಿಲ್ಲ. ಒಂದೇ ತಲಾಂತು ಸಿಕ್ಕವನು ಅದನ್ನು ಯಾಕೆ ನೆಲದಲ್ಲಿ ಹೂತಿಟ್ಟ? ಅವನೇ ಕಾರಣ ಹೇಳುತ್ತಾನೆ: ನೀನು ಕಠಿಣ ಮನುಷ್ಯನೆಂದು ತಿಳಿದು ಹೆದರಿಕೊಂಡೆನು. ಅವನು ಸೋಮಾರಿಯಾಗಿದ್ದರ ಹಿಂದೆ ಇದ್ದದ್ದು ಭಯ. ಆ ಭಯದ ಹಿಂದೆ ಇದ್ದದ್ದು ಯಜಮಾನನ ಬಗ್ಗೆ ಒಂದು ತಪ್ಪು ಕಲ್ಪನೆ. ಹೆದರಿದವನು ಕೆಲಸ ಮಾಡುವುದಿಲ್ಲ, ತಪ್ಪು ಆಗದಿದ್ದರೆ ಸಾಕು ಎಂದು ಕೈಕಟ್ಟಿ ಕೂರುತ್ತಾನೆ. “ಸಿನಿಮಾ ನೋಡಬಾರದು, ಅಲ್ಲಿಗೆ ಹೋಗಬಾರದು, ಅದನ್ನು ಮುಟ್ಟಬಾರದು” ಎಂಬ ಪಟ್ಟಿಯಲ್ಲೇ ಇಡೀ ಜೀವನ ಕಳೆದು, ಕೊಟ್ಟ ತಲಾಂತನ್ನು ಮಣ್ಣಿನಡಿ ಭದ್ರವಾಗಿ ಇಟ್ಟುಕೊಂಡ ಒಳ್ಳೆಯ ಕ್ರೈಸ್ತರು ನಮ್ಮ ನಡುವೆ ಬೇಕಾದಷ್ಟು ಇದ್ದಾರೆ.

ದೇವರ ಭಯ ಬೇಡವೇ? ಬೇಕು. ಆದರೆ ಸತ್ಯವೇದ ಹೇಳುವ ದೇವರ ಭಯ ನಿಮ್ಮನ್ನು ಆತನ ಕಡೆ ತರುತ್ತದೆ, ಆತನಿಂದ ಓಡಿಸುವುದಿಲ್ಲ. ಯೋಹಾನನ ಮೊದಲ ಪತ್ರದ 4ನೇ ಅಧ್ಯಾಯ ನ್ಯಾಯತೀರ್ಪಿನ ದಿನದ ಬಗ್ಗೆಯೇ ಮಾತಾಡುತ್ತದೆ. ಆ ದಿನದಲ್ಲಿ ನಮಗೆ ಧೈರ್ಯ ಇರುವುದು ಪ್ರೀತಿಯಿಂದ ಎನ್ನುತ್ತದೆ. ಪೂರ್ಣ ಪ್ರೀತಿ ಭಯವನ್ನು ಹೊರಗೆ ಹಾಕುತ್ತದೆ ಎಂಬ ಮಾತು ಬರುವುದು ಅದರ ಬೆನ್ನಿಗೇ. ನಾವು ಈ ಎರಡನೇ ಮಾತನ್ನು ಮದುವೆ ಕಾರ್ಡಿನ ಮೇಲೆ ಅಚ್ಚು ಹಾಕಿಸುತ್ತೇವೆ. ಅದು ನ್ಯಾಯತೀರ್ಪಿನ ವಿಷಯದಲ್ಲಿ ಹೇಳಿದ್ದು ಎಂಬುದು ಮರೆತೇಹೋಗುತ್ತದೆ.

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ನಿಮ್ಮ ಪ್ರಶ್ನೆಯಲ್ಲಿ ಅವು ಬೆರೆತುಹೋಗಿವೆ.

ಒಂದು, ನೀವು ಯಾರವರು ಎಂಬುದು. ಕ್ರಿಸ್ತ ಯೇಸುವಿನಲ್ಲಿ ಇರುವವರಿಗೆ ಅಪರಾಧ ನಿರ್ಣಯ ಇಲ್ಲ ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಶುರು ಮಾಡುತ್ತಾನೆ. ಇದು ನಿಮ್ಮ ಈ ವಾರದ ಪ್ರಾರ್ಥನೆಯ ಗಂಟೆಗಳ ಮೇಲೆ ನಿಂತಿಲ್ಲ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನನ್ನು ನೆನಪಿಸಿಕೊಳ್ಳಿ. ಅವನಿಗೆ ದೀಕ್ಷಾಸ್ನಾನ ಆಗಿರಲಿಲ್ಲ, ಒಂದು ದಿನ ಸಭೆಗೆ ಹೋಗಿರಲಿಲ್ಲ, ಮಾಡಿದ್ದನ್ನು ಸರಿಪಡಿಸಲು ಕೈಕಾಲು ಕೂಡ ಆಡುತ್ತಿರಲಿಲ್ಲ. ನನ್ನನ್ನು ನೆನಪುಮಾಡಿಕೋ ಎಂದು ಕೇಳಿದ. “ಈಹೊತ್ತೇ” ನನ್ನ ಸಂಗಡ ಪರದೈಸಿನಲ್ಲಿ ಇರುವಿ ಎಂಬ ಉತ್ತರ ಸಿಕ್ಕಿತು. ಆ ಮಧ್ಯಾಹ್ನ ಯೆರೂಸಲೇಮಿನಲ್ಲಿ ಅವನಷ್ಟು ಸಿದ್ಧನಾಗಿದ್ದವನು ಇನ್ನೊಬ್ಬನಿರಲಿಲ್ಲ. ಬುದ್ಧಿಯಿಲ್ಲದ ಕನ್ಯೆಯರಿಗೆ ಬಾಗಿಲಲ್ಲಿ ಕೇಳಿಸಿದ ಮಾತೂ “ನಿಮ್ಮ ದೀಪ ಚೆನ್ನಾಗಿ ಉರಿಯಲಿಲ್ಲ” ಎಂದಲ್ಲ, “ನಾನು ನಿಮ್ಮನ್ನು ಅರಿಯೆನು” ಎಂದು. ಕೊನೆಗೆ ಎಲ್ಲವೂ ಪರಿಚಯದ ಮೇಲೆ ನಿಲ್ಲುತ್ತದೆ. (ಎಣ್ಣೆ ಅಂದರೆ ಏನು ಎಂದು ಬಹಳ ಜನ ಕೇಳುತ್ತಾರೆ. ಪವಿತ್ರಾತ್ಮ ಎಂದವರಿದ್ದಾರೆ, ನಂಬಿಕೆ ಎಂದವರಿದ್ದಾರೆ, ಒಳ್ಳೆಯ ಕ್ರಿಯೆ ಎಂದವರೂ ಇದ್ದಾರೆ. ಯೇಸು ಅದನ್ನು ಬಿಡಿಸಿ ಹೇಳಲಿಲ್ಲ. ಇನ್ನೊಬ್ಬರಿಂದ ಸಾಲ ತರಲಾಗದ ಒಂದು ವಸ್ತು ಎಂದಷ್ಟೇ ಕಥೆಯಿಂದ ಗೊತ್ತಾಗುತ್ತದೆ. ನನಗೆ ಅಷ್ಟು ಸಾಕು.)

ಇನ್ನೊಂದು, ಆತನವರಾದ ಮೇಲೆ ದಿನದಿನ ಹೇಗೆ ಇರುತ್ತೀರಿ ಎಂಬುದು. ಇದರಲ್ಲಿ ಏರುಪೇರು ಇದ್ದೇ ಇರುತ್ತದೆ. ಒಣಗಿದ ದಿನಗಳು ಬರುತ್ತವೆ. ಪೇತ್ರನು ಒಂದೇ ರಾತ್ರಿಯಲ್ಲಿ ಮೂರು ಸಲ ತನ್ನ ಗುರುವನ್ನು ಅರಿಯೆನೆಂದ. ಆದರೆ ಅದಕ್ಕೂ ಮುಂಚೆಯೇ, ನಿನ್ನ ನಂಬಿಕೆ ಕುಂದಿಹೋಗಬಾರದೆಂದು ನಿನಗಾಗಿ ಬೇಡಿಕೊಂಡಿದ್ದೇನೆ ಎಂದು ಯೇಸು ಅವನಿಗೆ ಹೇಳಿದ್ದನು. ನಿಮ್ಮ ಪ್ರಾರ್ಥನೆ ನಿಂತ ರಾತ್ರಿಯಲ್ಲೂ ಆತನು ನಿಮಗಾಗಿ ಮಾಡುವ ಪ್ರಾರ್ಥನೆ ನಿಂತಿರುವುದಿಲ್ಲ. ಮೊದಲನೆಯದು ಗಟ್ಟಿಯಾಗಿದ್ದರೆ ಎರಡನೆಯದರಲ್ಲಿ ಬಿದ್ದವರು ಬೇಗ ಏಳುತ್ತಾರೆ. ಮೊದಲನೆಯದೇ ಅನುಮಾನವಾದರೆ ಪ್ರತಿ ಬೀಳುವಿಕೆಯೂ ನರಕದ ಬಾಗಿಲಿನಂತೆ ಕಾಣುತ್ತದೆ. ನಿಮಗೆ ಆಗುತ್ತಿರುವುದು ಅದೇ ಎಂದು ನನಗೆ ಅನ್ನಿಸುತ್ತದೆ.

“ಹಾಗಾದರೆ ಹೇಗಿದ್ದರೂ ನಡೆಯುತ್ತದಾ?” ಎಂದು ಯಾರಾದರೂ ಕೇಳಬಹುದು. ಇಲ್ಲ. ತೀತನಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ, ನಮ್ಮನ್ನು ರಕ್ಷಿಸುವ ದೇವರ ಕೃಪೆಯೇ ಭಕ್ತಿಹೀನತೆಗೆ “ಬೇಡ” ಎನ್ನುವುದನ್ನು ಕಲಿಸುತ್ತದೆ, ಕ್ರಿಸ್ತನ ಪ್ರತ್ಯಕ್ಷತೆಗಾಗಿ ಕಾಯುವುದನ್ನೂ ಅದೇ ಕಲಿಸುತ್ತದೆ ಎಂದಿದೆ. ಅಲ್ಲಿ ಮೇಷ್ಟ್ರು ಕೃಪೆ. ಬೆತ್ತ ಅಲ್ಲ.

ಈಗ ದಿನದ ವಿಷಯಕ್ಕೆ ಬರೋಣ.

ಬೆಳಗ್ಗೆ. ಪ್ರಸಂಗ ಕೇಳಿದ ವಾರದ ಉದ್ದನೆಯ ಪ್ರಾರ್ಥನೆಯನ್ನು ಬಿಟ್ಟುಬಿಡಿ. ನಿಮ್ಮಿಂದ ವರ್ಷಗಟ್ಟಲೆ ಮಾಡಲು ಆಗುವಷ್ಟು ಚಿಕ್ಕದನ್ನು ಹಿಡಿಯಿರಿ. ಒಂದು ಕೀರ್ತನೆ, ಸುವಾರ್ತೆಯ ಒಂದು ಚಿಕ್ಕ ಭಾಗ, ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ. ಕರ್ತನ ಪ್ರಾರ್ಥನೆಯನ್ನು ಚಿಕ್ಕದು ಎಂದು ತಳ್ಳಬೇಡಿ. ಮೊದಲ ಶತಮಾನಗಳ ಕ್ರೈಸ್ತರಿಗೆ ಅದನ್ನೇ ದಿನಕ್ಕೆ ಮೂರು ಸಲ ಹೇಳಲು ಕಲಿಸುತ್ತಿದ್ದರು. ಕಾಯುವ ಜನರ ಪ್ರಾರ್ಥನೆ ಅದು. “ನಿನ್ನ ರಾಜ್ಯ ಬರಲಿ” ಎಂದ ಕೂಡಲೇ ಮುಂದಿನ ಬೇಡಿಕೆಗಳಲ್ಲಿ ಇವತ್ತಿನ ಊಟ ಬರುತ್ತದೆ. ಲೋಕದ ಕೊನೆಯೂ ಇವತ್ತಿನ ಊಟವೂ ಒಂದೇ ಉಸಿರಲ್ಲಿ. ಕೇಳುವುದೂ ಆ ದಿನದ ಪಾಲನ್ನು ಮಾತ್ರ. ಇಸ್ರಾಯೇಲ್ಯರಿಗೆ ಅಡವಿಯಲ್ಲಿ ದೇವರು ಕೊಟ್ಟ ಆಹಾರವಾದ ಮನ್ನ ಬಿದ್ದಾಗಲೂ ಹಾಗೆಯೇ. ನಾಳೆಗೆ ಇರಲಿ ಎಂದು ಎತ್ತಿಟ್ಟದ್ದು ಬೆಳಗಾಗುವಷ್ಟರಲ್ಲಿ ಹುಳ ಬಿತ್ತು, ಸಬ್ಬತ್ತಿಗೆಂದು ಎತ್ತಿಟ್ಟದ್ದು ಮಾತ್ರ ಕೆಡಲಿಲ್ಲ. ಮೊನ್ನೆಯ ಭಕ್ತಿ ಇವತ್ತಿಗೆ ನಡೆಯುವುದಿಲ್ಲ, ಇವತ್ತಿನದು ಮುಂದಿನ ವರ್ಷಕ್ಕೆ ಬೇಕಾಗಿಲ್ಲ.

ಹಗಲು ಕೆಲಸದ ನಡುವೆ ಪ್ರಾರ್ಥನೆಗೆ ಸಮಯ ಎಲ್ಲಿ ಎನ್ನುತ್ತೀರಾ? ನೆಹೆಮೀಯನನ್ನು ನೋಡಿ. ಅವನು ಪರ್ಷಿಯಾದ ರಾಜನಿಗೆ ಪಾನಕೊಡುವವನು. ರಾಜನು “ನಿನಗೆ ಏನು ಬೇಕು?” ಎಂದು ಕೇಳುತ್ತಾನೆ. ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಅವನು ಪರಲೋಕದ ದೇವರಿಗೆ ಪ್ರಾರ್ಥಿಸಿದನು ಎಂದು ಬರೆದಿದೆ. ಮೊಣಕಾಲೂರಲು ಅಲ್ಲಿ ಪುರುಸೊತ್ತಿಲ್ಲ. ರಾಜನಿಗೆ ಗೊತ್ತೂ ಆಗಲಿಲ್ಲ. ಫೋನ್ ಎತ್ತುವ ಮುಂಚೆ, ಮಗುವಿಗೆ ಬೈಯುವ ಮುಂಚೆ, ಮೀಟಿಂಗ್ ರೂಮಿನ ಬಾಗಿಲು ತೆಗೆಯುವಾಗ “ಕರ್ತನೇ, ಇಲ್ಲಿ ಇರು” ಎಂದರೆ ಸಾಕು. ಸುಮ್ನೆ ಅಷ್ಟೇ. ಎಡೆಬಿಡದೆ ಪ್ರಾರ್ಥನೆ ಮಾಡಿರಿ ಎಂದು ಪೌಲನು ಬರೆದದ್ದು ಮಠದ ಸನ್ಯಾಸಿಗಳಿಗಲ್ಲ, ಥೆಸಲೋನಿಕ ಪಟ್ಟಣದಲ್ಲಿ ಕೈಕಸುಬಿನಿಂದ ಬದುಕುತ್ತಿದ್ದ ಜನರಿಗೆ.

ಥೆಸಲೋನಿಕ ಎಂದಾಗ ಅಲ್ಲಿಯ ಸಭೆಯ ಕಥೆ ಹೇಳಲೇಬೇಕು. ಕರ್ತನ ದಿನದ ಬಗ್ಗೆ ಅಷ್ಟು ತಲೆಕೆಡಿಸಿಕೊಂಡ ಸಭೆ ಹೊಸ ಒಡಂಬಡಿಕೆಯಲ್ಲಿ ಬೇರೆ ಇಲ್ಲ. ಪೌಲನು ಬರೆದ ಎರಡು ಪತ್ರಗಳಲ್ಲೂ ಆ ವಿಷಯ ತುಂಬಿಕೊಂಡಿದೆ. ಆ ದಿನ ಬಂದೇಬಿಟ್ಟಿದೆ ಎಂಬ ಗಾಳಿಮಾತು ಅಲ್ಲಿ ಹಬ್ಬಿತ್ತು. ಕೆಲವರು ಕೆಲಸ ಬಿಟ್ಟು, ಬೇರೆಯವರ ವಿಷಯದಲ್ಲಿ ತಲೆಹಾಕುತ್ತಾ ತಿರುಗುತ್ತಿದ್ದರು. ಪೌಲನು ಅವರಿಗೆ ಏನು ಹೇಳಿದನು? ಇನ್ನೊಂದು ಉಪವಾಸ ಕೂಟ ಇಡಿ ಎಂದನೇ? ಇಲ್ಲ. ಗದ್ದಲವಿಲ್ಲದೆ ದುಡಿದು ನಿಮ್ಮ ಅನ್ನ ನೀವು ತಿನ್ನಿ, ದುಡಿಯಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಎಂದನು. ಬರುವಿಕೆಯ ಬಗ್ಗೆ ಬರೆದ ಪತ್ರದಲ್ಲೇ ಈ ಮಾತು ಇರುವುದು ನನಗೆ ಬಹಳ ಹಿಡಿಸುತ್ತದೆ.

ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದ ಒಬ್ಬ ಮನುಷ್ಯನ ವಿಷಯ ಇತಿಹಾಸದಲ್ಲಿದೆ. 1780ರ ಮೇ 19ರಂದು ಅಮೆರಿಕದ ಈಶಾನ್ಯ ಭಾಗದಲ್ಲಿ ಹಾಡುಹಗಲೇ ಕತ್ತಲು ಕವಿಯಿತು. ಕಾಳ್ಗಿಚ್ಚಿನ ಹೊಗೆಯಿಂದ ಹಾಗಾಯಿತು ಎಂದು ಈಗ ಗೊತ್ತಿದೆ. ಆಗಿನವರಿಗೆ ಗೊತ್ತಿರಲಿಲ್ಲ. ನ್ಯಾಯತೀರ್ಪಿನ ದಿನವೇ ಬಂತು ಎಂದು ಜನ ಗಾಬರಿಯಾದರು. ಕನೆಕ್ಟಿಕಟ್ ರಾಜ್ಯದ ಶಾಸನಸಭೆ ಅವತ್ತು ಕೂಡಿತ್ತು. ಕಲಾಪ ನಿಲ್ಲಿಸಿ ಎದ್ದುಹೋಗೋಣ ಎಂಬ ಮಾತು ಬಂತು. ಅಬ್ರಹಾಂ ಡೆವನ್‌ಪೋರ್ಟ್ ಎಂಬ ಸದಸ್ಯರು ಒಪ್ಪಲಿಲ್ಲ. ಇದು ತೀರ್ಪಿನ ದಿನ ಅಲ್ಲದಿದ್ದರೆ ಎದ್ದುಹೋಗುವ ಕಾರಣವೇ ಇಲ್ಲ, ಆಗಿದ್ದರೆ ನಾನು ನನ್ನ ಕರ್ತವ್ಯ ಮಾಡುತ್ತಿರುವಾಗಲೇ ಸಿಕ್ಕಬೇಕು, ಮೇಣದಬತ್ತಿ ತನ್ನಿ ಎಂಬ ಅರ್ಥದ ಮಾತು ಹೇಳಿದರು. (“ನಾಳೆ ಲೋಕ ಮುಗಿಯುತ್ತದೆಂದರೂ ಇವತ್ತು ಸೇಬಿನ ಗಿಡ ನೆಡುತ್ತೇನೆ” ಎಂದು ಮಾರ್ಟಿನ್ ಲೂಥರ್ ಹೇಳಿದರೆಂದು ಎಲ್ಲ ಕಡೆ ಓಡಾಡುವ ಮಾತು ಅವರ ಬರಹಗಳಲ್ಲಿ ಇಲ್ಲ. ಡೆವನ್‌ಪೋರ್ಟ್ ಅವರ ಮಾತನ್ನಾದರೂ ಅದರ ಜಾಗದಲ್ಲಿ ಹಂಚಿಕೊಳ್ಳಬಹುದು.)

ಮಕ್ಕಳಿಗೆ ಊಟ ಹಾಕುತ್ತಿರುವಾಗ ಕರ್ತನು ಬಂದರೆ? ಕರ್ತನು ಮೆಚ್ಚಿದ ನಂಬಿಗಸ್ತ ಆಳಿನ ಕೆಲಸವೇ ಅದು. ಮತ್ತಾಯ 24ರ 45ನೇ ವಚನ ನೋಡಿ: ಮನೆಯವರಿಗೆ ಹೊತ್ತುಹೊತ್ತಿಗೆ ಆಹಾರ ಕೊಡುವುದಕ್ಕೆ ಯಜಮಾನನು ಅವನನ್ನು ಇಟ್ಟಿದ್ದನು. ಯಜಮಾನನು ಬಂದಾಗ ಅವನು ಆಕಾಶ ನೋಡುತ್ತಾ ನಿಂತಿರಬೇಕು ಎಂದು ಎಲ್ಲೂ ಇಲ್ಲ. ಆ ಕೆಲಸ ಮಾಡುತ್ತಾ ಇರುವುದನ್ನು ಕಂಡರೆ ಅವನು ಧನ್ಯನು.

ಅದೇ ಭಾಗದ ಕೆಟ್ಟ ಆಳನ್ನೂ ಬಿಡಬೇಡಿ. ಅವನ ಪಾಪ ಏನು? ಜೊತೆ ಆಳುಗಳನ್ನು ಹೊಡೆಯತೊಡಗಿದ. ಕುಡುಕರ ಜೊತೆ ತಿಂದು ಕುಡಿದ. ನಾವು ಕುಡಿತವನ್ನು ಹಿಡಿದುಕೊಂಡು ಹೊಡೆತವನ್ನು ಬಿಟ್ಟುಬಿಡುತ್ತೇವೆ. ಯೇಸು ಮೊದಲು ಹೇಳಿದ್ದು ಹೊಡೆತವನ್ನು. ಯಜಮಾನನು ಇನ್ನೂ ಬರುವುದಿಲ್ಲ ಎಂದುಕೊಂಡವನು ಮೊದಲು ಬದಲಾಗುವುದು ತನ್ನ ಕೈಕೆಳಗಿನವರ ವಿಷಯದಲ್ಲಿ. ಹಾಗಾಗಿ ಒಬ್ಬರ ಸಿದ್ಧತೆ ಅಳೆಯಬೇಕಾದರೆ ನಾನು ಅವರ ಪ್ರಾರ್ಥನೆಯ ಉದ್ದ ಕೇಳುವುದಿಲ್ಲ. ಮನೆಗೆಲಸದವರ ಜೊತೆ, ಆಫೀಸಿನ ಚಿಕ್ಕ ನೌಕರರ ಜೊತೆ, ವಯಸ್ಸಾದ ಅತ್ತೆ ಮಾವನ ಜೊತೆ ಅವರು ಹೇಗೆ ಮಾತಾಡುತ್ತಾರೆ ಎಂದು ಕೇಳುತ್ತೇನೆ. ಮತ್ತಾಯ 25ರ ಕೊನೆಯಲ್ಲಿ ಕುರಿ ಮತ್ತು ಆಡುಗಳನ್ನು ಬೇರೆ ಮಾಡುವ ದೃಶ್ಯದಲ್ಲೂ ಇದೇ. ಹಸಿದವರಿಗೆ ಊಟ ಕೊಟ್ಟವರಿಗೆ, ಸೆರೆಯಲ್ಲಿದ್ದವರನ್ನು ನೋಡಲು ಹೋದವರಿಗೆ ತಾವು ಅರಸನಿಗೇ ಅದನ್ನು ಮಾಡಿದ್ದು ಎಂದು ಗೊತ್ತೇ ಇರಲಿಲ್ಲ. “ಕರ್ತನೇ, ಯಾವಾಗ?” ಎಂದು ಆಶ್ಚರ್ಯಪಡುತ್ತಾರೆ. ನಿಜವಾಗಿ ಸಿದ್ಧರಾದವರಿಗೆ ತಾವು ಸಿದ್ಧರಾಗಿದ್ದೇವೆ ಎಂಬ ಲೆಕ್ಕವೇ ಇರುವುದಿಲ್ಲ.

ಲೂಕ 21ರ 34ನೇ ವಚನದಲ್ಲಿ ಯೇಸು ಇನ್ನೊಂದು ಎಚ್ಚರಿಕೆ ಕೊಡುತ್ತಾನೆ. ಆ ದಿನ ಉರ್ಲಿನಂತೆ ಬರುವಾಗ ನಿಮ್ಮ ಹೃದಯ ಭಾರವಾಗಿರಬಾರದು ಎನ್ನುತ್ತಾನೆ. ಯಾವುದರಿಂದ ಭಾರ? ದುಂದು, ಅಮಲು, ಮತ್ತೆ ಪ್ರಪಂಚದ ಚಿಂತೆಗಳು. ಕುಡಿತದ ಪಕ್ಕದಲ್ಲೇ ಚಿಂತೆ ಕೂತಿದೆ! ಮಕ್ಕಳ ಫೀಸು, ಸಾಲ, ರೋಗ ಇವುಗಳ ಬಗ್ಗೆ ಚಿಂತೆ ಮಾಡುವುದನ್ನು ನಾವು ಜವಾಬ್ದಾರಿ ಎಂದು ಕರೆಯುತ್ತೇವೆ. ಆದರೆ ಮನಸ್ಸನ್ನು ಮಂಕು ಮಾಡುವ ಕೆಲಸವನ್ನು ಚಿಂತೆ ಅಮಲಿನಷ್ಟೇ ಚೆನ್ನಾಗಿ ಮಾಡುತ್ತದೆ. ಸಭೆಗೆ ಬರುವ, ಕುಡಿಯದ, ಸಿಗರೇಟು ಮುಟ್ಟದ ಒಳ್ಳೆಯ ಜನ ನಿದ್ದೆ ಹೋಗಿರುವುದು ಹೆಚ್ಚಾಗಿ ಈ ಚಿಂತೆಯಲ್ಲೇ. ನಿಮ್ಮ ಪತ್ರದ “ಕೆಲಸ, ಮಕ್ಕಳು, ಸುಸ್ತು” ಎಂಬ ಮೂರು ಮಾತು ಓದಿದಾಗ ನನಗೆ ಈ ವಚನ ನೆನಪಾಯಿತು. ಕೆಲಸವನ್ನು ಬಿಡಿ ಎನ್ನುತ್ತಿಲ್ಲ. ಕೆಲಸದ ಜೊತೆ ಬರುವ ಆ ಭಾರವನ್ನು ದಿನಕ್ಕೊಮ್ಮೆ ಹೆಸರು ಹಿಡಿದು ದೇವರ ಮುಂದೆ ಇಡಿ. “ಎಲ್ಲ ನೋಡಿಕೋ ಕರ್ತನೇ” ಎಂದರೆ ಅದು ಇಳಿಯುವುದಿಲ್ಲ. ಯಾವ ಫೀಸು, ಯಾವ ಸಾಲ, ಯಾರ ಜ್ವರ ಎಂದು ಹೇಳಿ.

ರಾತ್ರಿ. ಮಲಗಲು ಹೋಗುವ ಮುಂಚೆ, ಇನ್ನೂ ಎಚ್ಚರವಿರುವಾಗ, ಕುಳಿತುಕೊಂಡು ಐದು ನಿಮಿಷ ದಿನವನ್ನು ಹಿಂದಕ್ಕೆ ನೋಡಿ. ಹದಿನಾರನೇ ಶತಮಾನದಲ್ಲಿ ಲೊಯೋಲಾದ ಇಗ್ನೇಷಿಯಸ್ ಎಂಬ ಕಥೋಲಿಕ ಸಂತರು ಇದಕ್ಕೊಂದು ಕ್ರಮ ಹಾಕಿಕೊಟ್ಟರು. ನೀವು ಯಾವ ಸಭೆಯವರಾದರೂ ಅದರ ಮೊದಲ ಹೆಜ್ಜೆ ಕಲಿಯಬೇಕಾದದ್ದು. ಅದು ತಪ್ಪು ಹುಡುಕುವುದರಿಂದ ಶುರುವಾಗುವುದಿಲ್ಲ. ದೇವರು ಇವತ್ತು ಮಾಡಿದ ಉಪಕಾರಗಳಿಗೆ ಸ್ತೋತ್ರ ಹೇಳುವುದು ಮೊದಲು. ಆಮೇಲೆ ಬೆಳಕಿಗಾಗಿ ಬೇಡುವುದು. ಅದಾದ ಮೇಲೆ ತಪ್ಪು. ಈ ಕ್ರಮ ತಿರುಗುಮುರುಗಾದರೆ ಪರೀಕ್ಷೆ ಪೊಲೀಸ್ ವಿಚಾರಣೆ ಆಗಿಬಿಡುತ್ತದೆ.

ಕಂಡ ತಪ್ಪನ್ನು ಅಲ್ಲೇ ಅರಿಕೆ ಮಾಡಿ ಮುಗಿಸಿ. ನಮ್ಮ ಪಾಪಗಳನ್ನು ಒಪ್ಪಿಕೊಂಡು ಅರಿಕೆಮಾಡಿದರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿ ಕ್ಷಮಿಸುತ್ತಾನೆ ಎಂಬುದು 1 ಯೋಹಾನ 1ರ 9ನೇ ವಚನ. ಕ್ಷಮಿಸಿದ್ದನ್ನು ಮಾರನೇ ದಿನ ಮತ್ತೆ ತೆಗೆದು ಅಳುವುದು ಭಕ್ತಿ ಅಲ್ಲ. ಒಂದು ಅಪವಾದ ಮಾತ್ರ ಇದೆ. ಅದೇ ತಪ್ಪು ತಿಂಗಳುಗಟ್ಟಲೆ ಮರಳುತ್ತಿದ್ದರೆ, ಅದು ಯಾರಿಗೂ ಗೊತ್ತಾಗಬಾರದು ಎಂದು ನೀವು ಮುಚ್ಚಿಡುತ್ತಿದ್ದರೆ, ಒಬ್ಬಂಟಿಯಾಗಿ ಅರಿಕೆ ಮಾಡಿದರೆ ಸಾಕಾಗುವುದಿಲ್ಲ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿರಿ ಎಂದು ಯಾಕೋಬನು ಬರೆದದ್ದು ಇಂಥದ್ದಕ್ಕೇ. ನಂಬಿಕೆಯ ಒಬ್ಬ ಹಿರಿಯ ಸಹೋದರಿ, ಬಾಯಿ ಬಿಗಿಯಿರುವ ಸಭಾಪಾಲಕರು, ಯಾರಾದರೂ ಒಬ್ಬರು ಸಾಕು. ಕೂಟದಲ್ಲಿ ಎದ್ದು ನಿಂತು ಹೇಳಬೇಕಾಗಿಲ್ಲ.

ದೇವರ ಜೊತೆಗಿನ ಲೆಕ್ಕಕ್ಕಿಂತ ಮನುಷ್ಯರ ಜೊತೆಗಿನ ಲೆಕ್ಕ ಕಷ್ಟ. ಸೂರ್ಯ ಮುಳುಗುವ ಮುಂಚೆ ಕೋಪ ತೀರಲಿ ಎಂದು ಎಫೆಸದವರಿಗೆ ಬರೆದ ಪತ್ರ ಹೇಳುತ್ತದೆ. ಗಂಡ ಹೆಂಡತಿಯ ನಡುವಿನ ಮೌನ, ಆಸ್ತಿ ಹಂಚಿಕೆಯಿಂದ ಮಾತು ಬಿಟ್ಟ ಅಣ್ಣ, ಸಭೆಯಲ್ಲೇ ಬೇರೆ ಸಾಲಿನಲ್ಲಿ ಕೂರುವ ಹಳೇ ಗೆಳತಿ, ಇವು ವರ್ಷಗಟ್ಟಲೆ ಬಾಕಿ ಉಳಿಯುತ್ತವೆ. ಯಜ್ಞವೇದಿಯ ಹತ್ತಿರ ಕಾಣಿಕೆ ತಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊ ಎಂದನು ಯೇಸು. ಆರಾಧನೆ ಕಾಯಲಿ ಎಂದು ಆತನು ಹೇಳಿದ್ದು ಇಂಥ ಕಾರಣಕ್ಕೆ. ನೀವು ಹೋದರೂ ಅವರು ಬಾಗಿಲು ತೆಗೆಯದಿರಬಹುದು. ನಿಮ್ಮಿಂದಾದ ಮಟ್ಟಿಗೆ ಸಮಾಧಾನದಿಂದಿರಿ ಎಂದು ಪೌಲನು ಮಿತಿ ಹಾಕಿದ್ದಾನೆ. ಒಂದು ಫೋನ್ ಮಾಡಿ, ನಿಮ್ಮ ತಪ್ಪಿನ ಪಾಲನ್ನು ಮಾತ್ರ ಹೇಳಿ, ಅವರ ಪಾಲನ್ನು ಜ್ಞಾಪಿಸಬೇಡಿ. ಇನ್ನೊಂದು ಎಚ್ಚರಿಕೆ: ನಿಮ್ಮನ್ನು ಹೊಡೆಯುವ, ಹಿಂಸಿಸುವ ವ್ಯಕ್ತಿಯ ಹತ್ತಿರ ಒಬ್ಬರೇ ಮರಳಿ ಹೋಗಿ ಎಂದು ಈ ವಚನಗಳು ಹೇಳುವುದಿಲ್ಲ. ಕ್ಷಮಿಸುವುದೂ ಅಪಾಯಕ್ಕೆ ಮೈಯೊಡ್ಡುವುದೂ ಬೇರೆ ಬೇರೆ.

ದಿನದ ಕೊನೆಯ ಮಾತಾಗಿ 31ನೇ ಕೀರ್ತನೆಯ 5ನೇ ವಚನ ಇಟ್ಟುಕೊಳ್ಳಿ: ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ. ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಬಂದ ಮಾತು ಇದೇ. ಮಠಗಳಲ್ಲಿ ಶತಮಾನಗಳಿಂದ ರಾತ್ರಿಯ ಪ್ರಾರ್ಥನೆಯಲ್ಲಿ ಇದನ್ನು ಹೇಳಿಕೊಂಡು ಬಂದಿದ್ದಾರೆ. ಹೇಳಿದ ಮೇಲೆ ನಿದ್ದೆ ಮಾಡಿ.

ಸಾವಿನ ಬಗ್ಗೆ ನೀವು ಕೇಳಲಿಲ್ಲ. ಆದರೂ ಇದುವರೆಗಿನ ಬಹುತೇಕ ಎಲ್ಲ ವಿಶ್ವಾಸಿಗಳೂ ಕರ್ತನನ್ನು ಸೇರಿದ್ದು ಆ ದಾರಿಯಿಂದಲೇ. ಹಿಜ್ಕೀಯ ರಾಜನಿಗೆ ರೋಗ ಬಂದಾಗ ಪ್ರವಾದಿ ಯೆಶಾಯನು ಬಂದು, ನಿನ್ನ ಮನೆಯ ವಿಷಯ ವ್ಯವಸ್ಥೆಮಾಡು, ನೀನು ಸಾಯುವಿ ಎಂದನು. ಆಮೇಲೆ ದೇವರು ಅವನಿಗೆ ಹದಿನೈದು ವರ್ಷ ಆಯುಷ್ಯ ಕೊಟ್ಟನು, ಅದು ಬೇರೆ. ಮನೆಯ ವ್ಯವಸ್ಥೆ ಅಂದರೆ ಕಾಗದಪತ್ರಗಳೂ ಸೇರಿದವು. ವಿಲ್ ಬರೆಯುವುದು, ಸಾಲದ ಲೆಕ್ಕ ಒಂದು ಕಡೆ ಬರೆದಿಡುವುದು, ಬ್ಯಾಂಕ್ ಖಾತೆಗೆ ನಾಮಿನಿ ಹಾಕಿಸುವುದು, ಇವೆಲ್ಲ ಅಪನಂಬಿಕೆಯ ಗುರುತು ಎಂದುಕೊಳ್ಳುವ ಜನ ಇದ್ದಾರೆ. ನನ್ನ ಪ್ರಕಾರ ಉಳಿದವರ ಮೇಲಿನ ಪ್ರೀತಿಯ ಗುರುತು.

ದಿನಾಂಕ ಹೇಳುವವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆ ದಿನವನ್ನು ತಂದೆಯೊಬ್ಬನೇ ಬಲ್ಲನು, ದೂತರೂ ಅರಿಯರು, ಮಗನೂ ಅರಿಯನು ಎಂದು ಮಾರ್ಕ 13ರಲ್ಲಿದೆ. ಅಷ್ಟಿದ್ದರೂ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅವರ ಹಿಂಬಾಲಕರು 1844ರ ಅಕ್ಟೋಬರ್ 22ಕ್ಕೆ ಕಾದರು, ಕೆಲವು ರೈತರು ಬೆಳೆಯನ್ನು ಹೊಲದಲ್ಲೇ ಬಿಟ್ಟರು. ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೋ ಬೋಧಕರು 2011ರ ಮೇ 21 ಎಂದರು. ಹಾಗೆ ಹೇಳಿದ್ದು ಪಾಪ ಎಂದು 2012ರಲ್ಲಿ ಅವರೇ ಒಪ್ಪಿಕೊಂಡರು. ವಾಟ್ಸಾಪಿನಲ್ಲಿ ಹೊಸ ದಿನಾಂಕ ಬಂದರೆ ಮುಂದಕ್ಕೆ ಕಳಿಸಬೇಡಿ, ಅಷ್ಟು ಸಾಕು.

ಕೊನೆಗೆ ಮಕ್ಕಳು. ಅವರಿಗೆ ಮೊದಲು ಕಲಿಸಬೇಕಾದದ್ದು ಬರುವವನು ಯಾರು ಎಂಬುದನ್ನು. ಯಾವಾಗ, ಹೇಗೆ, ಏನಾಗುತ್ತದೆ ಎನ್ನುವುದೆಲ್ಲ ಆಮೇಲೆ. ದೂರದ ಊರಿಗೆ ಹೋದ ಅಪ್ಪ ಬರುವುದನ್ನು ಮಗು ಕಾಯುವುದಕ್ಕೂ ಶಾಲೆಗೆ ತನಿಖಾಧಿಕಾರಿ ಬರುವುದನ್ನು ಕಾಯುವುದಕ್ಕೂ ಎಷ್ಟು ವ್ಯತ್ಯಾಸ! ನಮ್ಮ ಮಕ್ಕಳಿಗೆ ಹೆಚ್ಚಾಗಿ ಎರಡನೆಯದು ಸಿಗುತ್ತದೆ. “ಸುಳ್ಳು ಹೇಳಿದರೆ ಯೇಸು ಬಂದಾಗ ನಿನ್ನನ್ನು ಬಿಟ್ಟು ಹೋಗುತ್ತಾನೆ” ಎಂಬ ಮಾತನ್ನು ಮನೆಯಿಂದಲೇ ತೆಗೆದುಹಾಕಿ. ಮನೆಯಲ್ಲಿ ಯಾರೂ ಕಾಣದಿದ್ದಾಗ “ಎಲ್ಲರೂ ಪರಲೋಕಕ್ಕೆ ಎತ್ತಲ್ಪಟ್ಟರು, ನಾನೊಬ್ಬನೇ ಉಳಿದೆ” ಎಂದು ಅಳುವ ಮಕ್ಕಳು ವಿಶ್ವಾಸಿಗಳ ಮನೆಗಳಲ್ಲೇ ಇರುತ್ತಾರೆ. ಮಗು ಅಂಥ ಮಾತು ಹೇಳಿದರೆ ನಗಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ಯೇಸು ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ ಭಾಗವನ್ನು ಮಾರ್ಕ 10ರಿಂದ ಓದಿ ಹೇಳಿ.

ಸ್ವಲ್ಪ ದೊಡ್ಡ ಮಕ್ಕಳಿಗೆ ಲೂಕ 12ರ 37ನೇ ವಚನ ತೋರಿಸಿ. ತಡರಾತ್ರಿ ಬಂದ ಯಜಮಾನನು ಎಚ್ಚರವಾಗಿದ್ದ ಆಳುಗಳನ್ನು ಕಂಡು ಏನು ಮಾಡುತ್ತಾನೆ ಎಂದು ಅವರನ್ನೇ ಊಹಿಸಲು ಬಿಡಿ. ಸಂಬಳ ಜಾಸ್ತಿ ಮಾಡುತ್ತಾನೆ, ಹೊಗಳುತ್ತಾನೆ ಎನ್ನುತ್ತಾರೆ. ಆಮೇಲೆ ಓದಿ: ಆತನೇ ನಡುಕಟ್ಟಿಕೊಂಡು, ಅವರನ್ನು ಊಟಕ್ಕೆ ಕೂರಿಸಿ, ಹತ್ತಿರ ಬಂದು ಬಡಿಸುತ್ತಾನೆ. ಹದಿಹರೆಯದವರು ಇದಕ್ಕೆ ಪ್ರಶ್ನೆ ಕೇಳುತ್ತಾರೆ. ಎರಡು ಸಾವಿರ ವರ್ಷ ಆಯಿತಲ್ಲ, ಯಾಕೆ ಇನ್ನೂ ಬಂದಿಲ್ಲ ಎಂದೂ ಕೇಳಬಹುದು. ಅದು ಪೇತ್ರನ ಎರಡನೇ ಪತ್ರದ ಕಾಲಕ್ಕೇ ಇದ್ದ ಪ್ರಶ್ನೆ ಎಂದು ಹೇಳಿ, ಅದರ 3ನೇ ಅಧ್ಯಾಯವನ್ನು ಅವರ ಜೊತೆ ಕೂತು ಓದಿ. ಯಾರೂ ನಾಶವಾಗಬಾರದು ಎಂದು ಆತನು ತಾಳಿಕೊಂಡಿದ್ದಾನೆ ಎಂಬ ಉತ್ತರ ಅಲ್ಲಿದೆ. ಅವರಿಗೆ ಪೂರ್ತಿ ಸಮಾಧಾನ ಆಗದಿದ್ದರೆ ಗದರಿಸಬೇಡಿ. ಆ ಪ್ರಶ್ನೆಯನ್ನು ಇಟ್ಟುಕೊಂಡೇ ನಿಮ್ಮ ಜೊತೆ ಪ್ರಾರ್ಥನೆಗೆ ಕೂರಲಿ.